ಸುಟ್ಟ ಪೈನ್ ಹಲಗೆಯಲ್ಲಿ ಫ್ರೊಟಾಜ್: ನನ್ನ ಅನುಭವ

ಉಬ್ಬುತಗ್ಗಿನ ಮೇಲೆ ಹಾಳೆ ಹಾಸಿ ಉಜ್ಜಿ ಅಚ್ಚು ತೆಗೆಯುವ ಫ್ರೊಟಾಜ್‌ಗೆ ಹಳೇ ಮರವೇ ಆಗಬೇಕು, ಹೊಸ ಹಲಗೆಯಲ್ಲಿ ಮರದ ಎಳೆ ಏಳುವುದಿಲ್ಲ ಅನ್ನುತ್ತಿದ್ದವರೇ ಈಗ ನನ್ನ ಹಾಳೆ ನೋಡಿ ಹಲಗೆ ಯಾವ ಕಾಲದ್ದು ಎಂದು ಕೇಳುತ್ತಾರೆ. ಅದು ಗುಜರಿಯಿಂದ ತಂದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್. ಹಲಗೆಗೆ ನೂರು ರೂಪಾಯಿಯೂ ಬಿದ್ದಿರಲಿಕ್ಕಿಲ್ಲ.

1925ರಲ್ಲಿ ಫ್ರಾನ್ಸಿನ ಕಡಲತೀರದ ವಸತಿಗೃಹದಲ್ಲಿ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ ಹಾಳೆ ಹಾಸಿ ಉಜ್ಜಿದ್ದು ತಿಕ್ಕಿ ತಿಕ್ಕಿ ಸವೆದಿದ್ದ ನೆಲದ ಹಲಗೆಗಳ ಮೇಲೆ. ಬೇಕಾದದ್ದು ಆ ಸವೆತ, ಮರದ ವಯಸ್ಸಲ್ಲ. ಮೆತ್ತನೆಯ ಭಾಗ ತಗ್ಗಿ ಗಟ್ಟಿ ಎಳೆ ಮೇಲುಳಿಯಬೇಕು. ಜ್ವಾಲೆ ಉಗುಳುವ ಬ್ಲೋ ಲ್ಯಾಂಪ್ ಮೆತ್ತನೆಯ ಭಾಗವನ್ನು ಸುಟ್ಟು ಒಂದು ಮಧ್ಯಾಹ್ನದಲ್ಲಿ ಆ ಕೆಲಸ ಮಾಡುತ್ತದೆ.

ಮೊದಲು ಮೊಳೆ ಕೀಳಿ, ಮುದ್ರೆ ನೋಡಿ. ‘ಎಚ್‌ಟಿ’ ಅಂದರೆ ಶಾಖ ಕೊಟ್ಟು ಸಂಸ್ಕರಿಸಿದ ಮರ, ಸುಡಬಹುದು. ‘ಎಂಬಿ’ ಅಂದರೆ ವಿಷಾನಿಲ ಹಾಯಿಸಿದ ಮರ, ಮುಟ್ಟಬೇಡಿ. ಮೇಲ್ಮೈ ಮೊಸಳೆ ಚರ್ಮದಂತೆ ಬಿರಿಯುವ ಮುಂಚೆ ಬೆಂಕಿ ನಿಲ್ಲಿಸಿ. ತಂತಿ ಬ್ರಷ್ ಎಳೆಯ ಉದ್ದಕ್ಕೇ ಓಡಬೇಕು, ಅಡ್ಡ ಎಳೆದ ಒಂದೊಂದು ಗೀರೂ ಹಾಳೆಗೆ ಬರುತ್ತದೆ. ತೊಳೆದು, ನೆರಳಲ್ಲಿ ಒಣಗಿಸಿ, ಅರಗಿನ ಪಾಲಿಶ್ ತೆಳ್ಳಗೆ ಒಂದೇ ಕೈ. ಇದನ್ನು ಬಿಟ್ಟರೆ ಮಸಿ ಹಾಳೆಯ ಬೆನ್ನಿಗೆ ಹತ್ತುತ್ತದೆ. ಎರಡು ಕೈ ಹೊಡೆದರೆ ಗೆರೆ ತುಂಬಿಹೋಗುತ್ತದೆ. ತೇಗಕ್ಕೆ ಎರಡು ಸಾವಿರದಷ್ಟು ಸುರಿದರೂ ಇದರ ಅರ್ಧ ಉಬ್ಬು ಸಿಗಲಿಲ್ಲ. ರಬ್ಬರ್ ಮರವಂತೂ ಸಪಾಟು.

ಹಾಳೆ ತೆಳ್ಳಗೆ, 30–40 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ) ಇರಲಿ. ಚಿತ್ರ ಬರೆಯುವ ದಪ್ಪ ಕಾರ್ಟ್ರಿಜ್ ಹಾಳೆಯಲ್ಲಿ ದಪ್ಪ ಗೆರೆ ಮಾತ್ರ ಮೂಡುತ್ತದೆ, ನ್ಯೂಸ್‌ಪ್ರಿಂಟ್ ಹಳದಿಯಾಗುತ್ತದೆ. ಮೇಲಂಚಿಗೆ ಮಾಸ್ಕಿಂಗ್ ಟೇಪ್, ಕೆಳಗೆ ಪಟ್ಟಿಯಿಟ್ಟು ಭಾರ. 6ಬಿ ಗ್ರಾಫೈಟ್ ಕಡ್ಡಿಯನ್ನು ಮಲಗಿಸಿ, ಎಳೆಗೆ ಓರೆಯಾಗಿ, ನಡುವಿನಿಂದ ಅಂಚಿಗೆ ಉಜ್ಜಿ. ಎಳೆಯ ಉದ್ದಕ್ಕೇ ಹೋದರೆ ಕಡ್ಡಿ ತಗ್ಗಿಗಿಳಿದು ಎಲ್ಲ ಕಪ್ಪಾಗುತ್ತದೆ. ಮೊದಲ ಸುತ್ತು ಹಗುರ, ಎರಡನೆಯದು ಒತ್ತಿ. ಮಳೆಗಾಲದಲ್ಲಿ ಎರಡು ಸುತ್ತಿನ ನಡುವೆ ಬಿಡುವು ಕೊಡಬಾರದು. ಹಾಳೆ ತೇವ ಹೀರಿ ಹಿಗ್ಗಿ, ಗೆರೆ ಜೋಡಿಯಾಗುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಗ್ರಾಫೈಟ್ ಬದಲು ಮೇಣವನ್ನೂ ಹಿಡಿದಿದ್ದೇನೆ. ಇಂಗ್ಲೆಂಡಿನ ಚರ್ಚುಗಳ ಹಿತ್ತಾಳೆ ಫಲಕಗಳ ಅಚ್ಚು ತೆಗೆಯುವವರು ಮೇಣ-ಕಾಡಿಗೆಯ ಗಟ್ಟಿ ಉಂಡೆ ಬಳಸುತ್ತಾರೆ. ನನ್ನದು ಜೇನುಮೇಣ ಸುಮಾರು ಮೂರು ಪಾಲು, ಕಾರ್ನೌಬಾ (ತಾಳೆ ಜಾತಿಯ ಮರದ ಎಲೆಯ ಗಟ್ಟಿ ಮೇಣ) ಒಂದು, ಕಾಡಿಗೆ ಅರ್ಧ. ಇನ್ನೊಂದು ವಸ್ತುವಿದೆ, ಅದು ನನ್ನಲ್ಲೇ ಇರಲಿ. ಬರೀ ಜೇನುಮೇಣ ಬೇಸಿಗೆಯಲ್ಲಿ ಮೆತ್ತಗಾಗಿ ತಗ್ಗಿಗೂ ಅಂಟುತ್ತದೆ, ಕಾರ್ನೌಬಾ ಹೆಚ್ಚಾದರೆ ಉಂಡೆ ಜಾರುತ್ತದೆ. ಮೇಲೆ ನೀರು ಬೆರೆಸಿದ ಇಂಕ್ ಹಾಯಿಸಿದರೆ ಎಳೆ ಬಿಟ್ಟು ಉಳಿದೆಡೆ ಬಣ್ಣ ಕೂರುತ್ತದೆ. ಶಾಸನದ ಕಲ್ಲಿಗೆ ಮಾತ್ರ ಇದನ್ನು ಒಯ್ಯಬೇಡಿ.

ಇಪ್ಪತ್ತು-ಮೂವತ್ತು ಹಾಳೆಗೆ ಎಳೆ ಮಂಕಾಗುತ್ತದೆ. ಆಗ ಪಾಲಿಶನ್ನು ಸ್ಪಿರಿಟ್‌ನಲ್ಲಿ ಒರೆಸಿ, ಬ್ರಷ್ ಎಳೆದು, ಮತ್ತೆ ಒಂದು ಕೈ ಹೊಡೆಯುತ್ತೇನೆ.