ಹಕ್ಕಿ ನೋಡಲು ನಡೆಯುವುದು ಕಮ್ಮಿ, ನಿಲ್ಲುವುದು ಜಾಸ್ತಿ

ಡಿಸೆಂಬರ್, ಜನವರಿಯಲ್ಲಿ ಹಕ್ಕಿ ನೋಡಲು ನಾನು ದೂರವೇನೂ ಹೋಗುವುದಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ನಮ್ಮ ಮನೆ. ಅಡಿಕೆ ತೋಟ, ಅದರ ಬದಿಯ ತೋಡು (ಸಣ್ಣ ಹಳ್ಳ), ಗದ್ದೆ, ನಾಗಬನ, ಕೊನೆಗೆ ಮುರಕಲ್ಲಿನ ಪದವು, ಅಂದರೆ ಕೆಂಪುಕಲ್ಲಿನ ಹುಲ್ಲುಗುಡ್ಡೆ. ಹೆಚ್ಚೆಂದರೆ ಎರಡು ಕಿಲೋಮೀಟರ್ ಆದೀತು. ಅಷ್ಟಕ್ಕೇ ಇಡೀ ಬೆಳಗ್ಗೆ ಬೇಕು.

ಈ ಕ್ರಮ ಕಲಿತದ್ದು ಕೇರಳ ಬರ್ಡ್ ಅಟ್ಲಾಸ್‌ನಿಂದ. 2015ರಿಂದ 2020ರವರೆಗೆ ಹವ್ಯಾಸಿಗಳೇ ಸೇರಿ ಇಡೀ ರಾಜ್ಯದಲ್ಲಿ ನಡೆಸಿದ ಹಕ್ಕಿ ಗಣತಿ ಅದು. 15 ನಿಮಿಷಕ್ಕೊಂದು ಹಕ್ಕಿಗಳ ಪಟ್ಟಿ ಅವರ ಲೆಕ್ಕ. ನಾನೂ ಹಾಗೆಯೇ ಒಂದೊಂದು ಜಾಗದಲ್ಲಿ 15 ನಿಮಿಷ ನಿಲ್ಲುತ್ತೇನೆ. ನಾವು ಬಂದ ಸದ್ದಿಗೆ ಹಕ್ಕಿಗಳು ಮೊದಲು ಸುಮ್ಮನಾಗುತ್ತವೆ. ಸ್ವಲ್ಪ ತಡೆದರೆ ಒಂದೊಂದಾಗಿ ಮತ್ತೆ ಶುರು ಮಾಡುತ್ತವೆ.

ತೋಟದೊಳಗೆ ಬೆಳಕು ಬರುವುದು ತಡ. ಅಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ. ಬೇಲಿಯ ಪೊದೆಯೊಳಗಿಂದ ಬಿಟ್ಟು ಬಿಟ್ಟು ‘ಚಕ್, ಚಕ್’ ಎಂದು ಕೇಳಿದರೆ ಅದು ಬ್ಲೈತ್ಸ್ ರೀಡ್ ವಾರ್ಬ್ಲರ್. ಮರದ ತುದಿಯಿಂದ ‘ಚಿಸ್‌ವೀ’ ಎಂದರೆ ಗ್ರೀನಿಶ್ ವಾರ್ಬ್ಲರ್. ಕನ್ನಡದಲ್ಲಿ ಎರಡೂ ಉಲಿಯಕ್ಕಿಗಳೇ. ಒಂದು ಕಂದು, ಇನ್ನೊಂದು ಮಾಸಲು ಹಸಿರು. ಎಲೆ ಮರೆಯಲ್ಲಿ ನೋಡಿ ಗುರುತಿಸುವುದು ಕಷ್ಟ, ಕೂಗು ಕೇಳಿದರೆ ಸುಲಭ. ಇಷ್ಟು ಸಣ್ಣ ಜೀವಗಳು ಮಧ್ಯ ಏಷ್ಯಾದ ಆಚೆಯಿಂದಲೂ ಬಂದು ಚಳಿಗಾಲ ಕಳೆಯುವುದು ನಮ್ಮ ಬೇಲಿಯಲ್ಲಿ! ಹೊಸಬರು ಮೊದಲು ಈ ಎರಡು ಕೂಗು ಕಲಿಯಲಿ ಎಂಬುದು ನನ್ನ ಆಸೆ.

ಬೈನಾಕ್ಯುಲರ್ ಕೊಳ್ಳುವವರಿಗೆ 8x42 ಸಾಕು. ಹಕ್ಕಿ 8 ಪಟ್ಟು ಹತ್ತಿರ ಕಾಣುತ್ತದೆ. 42 ಮಿಲಿಮೀಟರ್ ಗಾಜಿನಿಂದ ತೋಟದ ಮಬ್ಬಿನಲ್ಲೂ ಬಣ್ಣ ತಿಳಿಯುತ್ತದೆ. 10 ಪಟ್ಟಿನದ್ದರಲ್ಲಿ ಕೈಯ ನಡುಕವೂ ಜಾಸ್ತಿ ಕಾಣುತ್ತದೆ.

ಬನದ ಹತ್ತಿರ ಹೋಗುವುದು ಪೂರ್ತಿ ಬೆಳಕಾಗುವ ಮೊದಲೇ. ಒಳಗೆ ಕಾಲಿಡುವುದಿಲ್ಲ, ಕಟ್ಟೆಯ ಹೊರಗೇ ನಿಲ್ಲುತ್ತೇವೆ. ಈ ಸಲ ತಂಗಿಯ ಮಗ ಜೊತೆಗಿದ್ದ. ಎರಡು ಸ್ವರದ ಶಿಳ್ಳೆ ಕೇಳಿತು. ನವರಂಗ! ಅದು ಕೂಗುವುದು ಹೆಚ್ಚಾಗಿ ಮುಂಜಾನೆ ಮತ್ತು ಮುಸ್ಸಂಜೆಗೆ. ನಾನು ಮರ ಹುಡುಕುತ್ತಿದ್ದೆ. ಅವನು ಮೆಲ್ಲಗೆ, “ಮಾವ, ಕೆಳಗೆ ನೋಡಿ, ತರಗೆಲೆ ಅಲ್ಲಾಡ್ತಾ ಉಂಟು” ಅಂದ. ಹಕ್ಕಿ ನೆಲದಲ್ಲೇ ಇತ್ತು. ಕೊಕ್ಕಿನಿಂದ ಒಂದು ಎಲೆ ಎತ್ತಿ ಬದಿಗೆ ಎಸೆಯಿತು. ಎರಡು ಹಾರು ಹಾರಿ ನಿಂತಿತು. ಇನ್ನೊಂದು ಎಲೆ. ಹಸಿರು ಬೆನ್ನು, ಕಣ್ಣಿಗೆ ಅಡ್ಡ ಕಪ್ಪು ಪಟ್ಟಿ. ತುಂಡು ಬಾಲದ ಅಡಿಯಲ್ಲಿ ಕುಂಕುಮದಂಥ ಕೆಂಪು. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಮರಿ ಮಾಡುವ ಹಕ್ಕಿಗೆ ಇಲ್ಲಿ ಬೇಕಾದದ್ದು ನೆರಳು, ತರಗೆಲೆ, ಅದರಡಿಯ ಹುಳ. ಬನ ಚಂದ ಮಾಡುತ್ತೇವೆಂದು ಗುಡಿಸಿ ಕಾಂಕ್ರೀಟ್ ಹಾಕಿದ ಕಡೆ ಅದಕ್ಕೇನು ಸಿಗುತ್ತದೆ ಹೇಳಿ?

ತೋಡಿನ ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ, ಗದ್ದೆಯ ಕೆಸರಿನಲ್ಲಿ ಗದ್ದೆಗೊರವ. ಇವು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತವೆ.

ಪದವಿಗೆ ಹತ್ತುವಾಗ ಬಿಸಿಲು ಬಂದಿರುತ್ತದೆ. ಒಣಹುಲ್ಲಿನ ನಡುವೆ ಜುಟ್ಟಿನ ಮಲಬಾರ್ ನೆಲಗುಬ್ಬಿ ಓಡಾಡುತ್ತದೆ. ನಮ್ಮ ಕಾಲ ಸದ್ದಿಗೇ ಟಿಟ್ಟಿಭ ಕೂಗು ಹಾಕುತ್ತದೆ. ಎರಡೂ ಮೊಟ್ಟೆ ಇಡುವುದು ನೆಲದ ಮೇಲೆಯೇ. ಮರವಿಲ್ಲದ ಬೋಳುಗುಡ್ಡೆ, ಯಾವುದಕ್ಕೂ ಆಗದ ಜಾಗ ಎನ್ನುವವರು ನಮ್ಮಲ್ಲೇ ಇದ್ದಾರೆ. ಹುಲ್ಲಿಗೆ ಬೆಂಕಿ ಕೊಡುತ್ತಾರೆ, ಕಲ್ಲು ಕಡಿಯುತ್ತಾರೆ. ಅದಕ್ಕೇ ಪದವಿನ ಪಟ್ಟಿಯನ್ನು ತೋಟದ ಪಟ್ಟಿಗೆ ಸೇರಿಸದೆ, ಬೇರೆಯಾಗಿಯೇ ಆ ದಿನವೇ ಈಬರ್ಡ್‌ಗೆ (ಹಕ್ಕಿ ಪಟ್ಟಿ ದಾಖಲಿಸುವ ಜಾಲತಾಣ) ಹಾಕುತ್ತೇನೆ. ಇಲ್ಲಿ ಏನಿದೆ ಎಂದು ನಾಳೆ ಯಾರಾದರೂ ಕೇಳಿದರೆ, ಜಾಗ ಮತ್ತು ತಾರೀಕಿನ ಸಮೇತ ತೋರಿಸಬಹುದಲ್ವಾ.