ಹೊಸ ಬ್ಯಾಟಿಗೆ ನಾಕಿಂಗ್: ಅಂಚು ಮರೆತರೆ ಬ್ಯಾಟ್ ಉಳಿಯದು

ಬೇಸಿಗೆ ಕ್ರಿಕೆಟ್ ಶಿಬಿರ ಶುರುವಾದರೆ ಸಾಕು, ನೆಟ್ಸ್‌ನಲ್ಲಿ ಇದೇ ಕಥೆ. ಅಪ್ಪ ಸಾವಿರಾರು ರೂಪಾಯಿ ಕೊಟ್ಟು ಇಂಗ್ಲಿಷ್ ವಿಲ್ಲೋ ಬ್ಯಾಟ್ ಕೊಡಿಸಿರುತ್ತಾರೆ. ಮಗ ಮರುದಿನವೇ ಅದರಲ್ಲಿ ಹೊಸ ಲೆದರ್ ಬಾಲ್ ಆಡುತ್ತಾನೆ. ವಾರದೊಳಗೆ ಅಂಚು ಬಿರಿಯುತ್ತದೆ, ತಳ ಸೀಳುತ್ತದೆ. ಬೈಗುಳ ಮಾತ್ರ ಅಂಗಡಿಯವರಿಗೆ. ನಾಕಿಂಗ್, ಅಂದರೆ ಆಡುವ ಮೊದಲು ಹೊಸ ಬ್ಯಾಟನ್ನು ಮರದ ಸುತ್ತಿಗೆಯಿಂದ ಬಡಿದು ಹದ ಮಾಡುವುದು, ಸರಿಯಾಗಿ ಆಗಿದ್ದರೆ ಇಂಥ ಎಷ್ಟೋ ಬ್ಯಾಟುಗಳು ಉಳಿಯುತ್ತಿದ್ದವು.

ವಿಲ್ಲೋ ಮೆದು ಮರ. ತಯಾರಿಸುವಾಗ ರೋಲರ್ ಅಡಿ ಒತ್ತಿ ಅದರ ಮೇಲ್ಪದರ ಗಟ್ಟಿ ಮಾಡುತ್ತಾರೆ ನಿಜ, ಆದರೆ ಲೆದರ್ ಬಾಲಿನ ಪೆಟ್ಟಿಗೆ ಅದಷ್ಟೇ ಸಾಲದು. ಸುತ್ತಿಗೆಯಿಂದ ಬಡಿದಾಗ ಎಳೆಗಳು ಒಂದಕ್ಕೊಂದು ಒತ್ತಿಕೊಂಡು ಬಿಗಿಯಾಗುತ್ತವೆ. ಈಗಿನ ಬ್ಯಾಟುಗಳಿಗೆ ಇದು ಇನ್ನೂ ಮುಖ್ಯ. 2017ರ ಅಕ್ಟೋಬರ್‌ನಿಂದ ನಿಯಮದಲ್ಲಿ ಅಂಚಿನ ದಪ್ಪಕ್ಕೆ 40 ಮಿ.ಮೀ. ಮಿತಿ ಬಂದಿದೆ. ಅಷ್ಟು ದಪ್ಪ ಇಟ್ಟೂ ತೂಕ ಹಗುರ ಇರಲೆಂದು ಮರವನ್ನು ಹೆಚ್ಚು ಒಣಗಿಸುತ್ತಾರೆ. ಹೆಚ್ಚು ಒಣಗಿದ ಮರ ಬೇಗ ಬಿರಿಯುತ್ತದೆ.

1. ಎಣ್ಣೆ

ಬಾಟಲಿಯ ಮೇಲೆ ‘ರಾ ಲಿನ್‌ಸೀಡ್ ಆಯಿಲ್’ ಎಂದಿರಬೇಕು, ಅಂದರೆ ಕುದಿಸದ ಅಗಸೆ ಎಣ್ಣೆ. ಪೇಂಟ್ ಅಂಗಡಿಯ ‘ಡಬಲ್ ಬಾಯ್ಲ್ಡ್’ ಬೇಡವೇ ಬೇಡ. ಕೊಬ್ಬರಿ ಎಣ್ಣೆ, ಸಾಸಿವೆ ಎಣ್ಣೆಯೂ ಬೇಡ. ಒಂದು ಚಮಚ ಎಣ್ಣೆಯನ್ನು ಬಟ್ಟೆಗೆ ಹಾಕಿ ಮುಖ (ಚೆಂಡು ಹೊಡೆಯುವ ಚಪ್ಪಟೆ ಬದಿ), ಅಂಚು, ತಳಕ್ಕೆ ತೆಳ್ಳಗೆ ಸವರಿ. ಸ್ಟಿಕರ್ ಮೇಲೂ, ಹಿಡಿ ಬ್ಲೇಡಿಗೆ ಸೇರುವ ‘ವಿ’ ಆಕಾರದ ಜೋಡಣೆಯ ಮೇಲೂ ಒಂದು ಹನಿ ಬೀಳಬಾರದು, ಅಲ್ಲಿನ ಅಂಟು ಬಿಡುತ್ತದೆ. ಬ್ಯಾಟನ್ನು ಮುಖ ಮೇಲಾಗಿ ಒಂದು ದಿನ ಮಲಗಿಸಿಡಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಎಣ್ಣೆಯೆಲ್ಲ ತಳಕ್ಕೆ ಇಳಿಯುತ್ತದೆ. ಮರುದಿನ ಒರೆಸಿ ಇನ್ನೊಮ್ಮೆ ಸವರಿ. ಎರಡು ಸಲ ಸಾಕು, ಬಹಳ ಒಣಗಿದಂತಿದ್ದರೆ ಮೂರು. ಎಣ್ಣೆ ಜಾಸ್ತಿ ಕುಡಿದ ಬ್ಯಾಟ್ ಭಾರವಾಗುತ್ತದೆ, ಅದರಿಂದ ಚೆಂಡೂ ಚಿಮ್ಮುವುದಿಲ್ಲ.

2. ಮುಖ

ಮರದ ಮ್ಯಾಲೆಟ್, ಅಂದರೆ ಮರದ ಸುತ್ತಿಗೆ, ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಹಳೆಯ ಲೆದರ್ ಬಾಲನ್ನು ಸಾಕ್ಸ್‌ನೊಳಗೆ ಕಟ್ಟಿ ಬಡಿಯಬಹುದು, ಕೆಲಸ ನಿಧಾನ ಅಷ್ಟೆ. ಮೊದಲು ಮೆಲ್ಲಗೆ, ದಿನ ಕಳೆದಂತೆ ಜೋರಾಗಿ.

3. ಅಂಚು ಮತ್ತು ತಳ

ಎಲ್ಲರೂ ಎಡವುವುದು ಇಲ್ಲೇ. ನಡುಭಾಗಕ್ಕೆ ಬಡಿದರೆ ‘ಠಣ್’ ಎಂದು ಚೆಂದದ ಸದ್ದು ಬರುತ್ತದೆ, ಹುಡುಗರು ಅದನ್ನೇ ಕೇಳುತ್ತ ಗಂಟೆಗಟ್ಟಲೆ ಅಲ್ಲೇ ಬಡಿಯುತ್ತಾರೆ. ಆದರೆ ಬ್ಯಾಟ್ ಒಡೆಯುವುದು ಅಂಚಿನಲ್ಲಿ ಮತ್ತು ತಳದಲ್ಲಿ.

ಕುರ್ಚಿ ಮೇಲೆ ಕೂತು ಬ್ಯಾಟನ್ನು ತೊಡೆಯ ಮೇಲೆ, ಮುಖ ಮೇಲಾಗಿ ಇಟ್ಟುಕೊಳ್ಳಿ. ಹಿಡಿಯ ಕಡೆ ಒಂದು ಕೈ. ಮ್ಯಾಲೆಟನ್ನು ಸುಮಾರು 45 ಡಿಗ್ರಿ ಓರೆ ಮಾಡಿ, ಮುಖ ಮತ್ತು ಅಂಚು ಸೇರುವ ಗೆರೆಯ ಮೇಲೆ ಸವರಿಕೊಂಡು ಹೋಗುವಂತೆ ಹೊಡೆಯಿರಿ. ಚೆಂಡು ಎಡ್ಜ್ ಆಗಿ ಕೀಪರ್ ಕಡೆ ಹಾರುವಾಗ ಹೇಗೆ ತಾಗುತ್ತದೋ ಹಾಗೆ. ಬ್ಯಾಟಿನ ಭುಜದಿಂದ (ಹಿಡಿಯ ಕೆಳಗೆ ಬ್ಲೇಡ್ ಅಗಲವಾಗುವ ಜಾಗ) ತಳದವರೆಗೆ ಬೆರಳಗಲ ಬೆರಳಗಲ ಜರುಗುತ್ತ ಬನ್ನಿ, ಎಲ್ಲೂ ಜಾಗ ಬಿಡಬೇಡಿ. ಒಂದೇ ಪೆಟ್ಟಿಗೆ ಗುಳಿ ಬಿದ್ದರೆ ಬಲ ಹೆಚ್ಚಾಯಿತೆಂದೇ ಲೆಕ್ಕ. ಚೂಪಾಗಿದ್ದ ಆ ಗೆರೆ ಕ್ರಮೇಣ ದುಂಡಗಾಗಿ ಹೊಳೆಯತೊಡಗುತ್ತದೆ. ಹೆಬ್ಬೆರಳು ಓಡಿಸಿ ನೋಡಿ, ಎಲ್ಲೂ ಮೂಲೆ ತಾಗದೆ ಜಾರಿದರೆ ಆ ಭಾಗ ಮುಗಿದಂತೆ. ಅಂಚಿಗೆ ಪಕ್ಕದಿಂದ ನೇರವಾಗಿ ಮಾತ್ರ ಹೊಡೆಯಲೇಬೇಡಿ.

ತಳಕ್ಕೂ ಇದೇ ರೀತಿ, ಮುಖದ ಕಡೆಯಿಂದ ಓರೆಯಾಗಿ. ಕೆಳಗಿನಿಂದ ಗುದ್ದಿದರೆ ಮರ ಸೀಳುತ್ತದೆ. ಬ್ಯಾಟಿನ ಹಿಂಬದಿಗೆ ಮ್ಯಾಲೆಟ್ ತಾಗಿಸುವುದೇ ಬೇಡ.

ಒಟ್ಟು ಐದಾರು ಗಂಟೆಯ ಕೆಲಸ. ಅದರಲ್ಲಿ ಅರ್ಧದಷ್ಟು ಅಂಚು, ತಳಕ್ಕೇ ಮೀಸಲಿಡಿ. ದಿನಕ್ಕೆ ಅರ್ಧ ಗಂಟೆಯಂತೆ ಹತ್ತು-ಹನ್ನೆರಡು ದಿನ ಹಿಡಿಯಲಿ. ಅಪಾರ್ಟ್‌ಮೆಂಟಿನವರು ಟೆರೇಸಿಗೋ ಮೈದಾನಕ್ಕೋ ಹೋಗಿ, ಕೆಳಮನೆಯ ಅಜ್ಜಿ ಮಧ್ಯಾಹ್ನ ಮಲಗಿರುತ್ತಾರೆ.

ಅಂಗಡಿಗಳಲ್ಲಿ ಮಷೀನ್ ನಾಕಿಂಗ್ ಮಾಡಿಕೊಡುತ್ತಾರೆ. ಮುಖಕ್ಕೆ ಅದು ಪರವಾಗಿಲ್ಲ, ಅಂಚಿಗೆ ನಾನು ನಂಬುವುದಿಲ್ಲ. ‘ರೆಡಿ ಟು ಪ್ಲೇ’ ಎಂಬ ಸ್ಟಿಕರ್ ಇದ್ದರೂ ಒಂದೆರಡು ಗಂಟೆ ಕೈಯಿಂದ ಬಡಿಯಿರಿ. ಕಾಶ್ಮೀರ ವಿಲ್ಲೋ ಗಟ್ಟಿ ಎಂದು ಅದನ್ನೂ ಹಾಗೇ ಬಿಡಬೇಡಿ.

4. ಪರೀಕ್ಷೆ

ಹಳೆಯ, ಒಳ್ಳೆಯ ಲೆದರ್ ಬಾಲಿನಲ್ಲಿ ಥ್ರೋಡೌನ್ ಆಡಿ, ಅಂದರೆ ಯಾರಾದರೂ ಹತ್ತಿರದಿಂದ ಎಸೆದ ಚೆಂಡನ್ನು ಆಡಿ. ಮುಖದ ಮೇಲೆ ಚೆಂಡಿನ ಹೊಲಿಗೆಯ ಗುರುತು ಒತ್ತಿ ಮೂಡಿದರೆ ಮತ್ತೆ ಮ್ಯಾಲೆಟ್ ಹಿಡಿಯಿರಿ. ಕಲ್ಲಿನಂತಿರುವ ಅಗ್ಗದ ಚೆಂಡುಗಳನ್ನು ಹೊಸ ಬ್ಯಾಟಿನ ಹತ್ತಿರಕ್ಕೂ ತರಬೇಡಿ. ಕೂದಲೆಳೆಯಂಥ ಮೇಲ್ಮೈ ಗೀರುಗಳು ಸಹಜ, ಅವಕ್ಕೆ ಗಾಬರಿ ಬೇಡ.

5. ಶೀಟ್

ಎಣ್ಣೆ ಪೂರ್ತಿ ಆರಿದ ಮೇಲೆ ಮುಖಕ್ಕೆ ಆಂಟಿ-ಸ್ಕಫ್ ಶೀಟ್ (ಗೀರು ತಡೆಯುವ ತೆಳು ಹಾಳೆ), ಅಂಚಿಗೆ ಫೈಬರ್ ಟೇಪ್ ಹಾಕಿ. ನಿಯಮದ ಪ್ರಕಾರ ಮುಖದ ಹೊದಿಕೆಯ ದಪ್ಪ 1 ಮಿ.ಮೀ. ಮೀರುವಂತಿಲ್ಲ. ತಳಕ್ಕೆ ಟೋ ಗಾರ್ಡ್, ಅಂದರೆ ತಳ ಕಾಯುವ ಪಟ್ಟಿ, ಇರಲೇಬೇಕು. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಸ್ಟಾನ್ಸ್ ತೆಗೆದುಕೊಂಡು ತಟ್ಟುವಾಗ ನೀರು ಹೀರಿ ಮೊದಲು ಊದಿಕೊಳ್ಳುವುದು ತಳವೇ.