ಬೇರಿಂಗ್ ಕೂರುವ ಶಾಫ್ಟ್: ಡ್ರಾಯಿಂಗ್ ಓದುವುದು ಹೀಗೆ

ಪೀಣ್ಯದ ಮೆಷಿನ್ ಶಾಪ್‌ಗಳ ಮೂಲೆಯಲ್ಲಿ ಬಿದ್ದಿರುವ ರಿಜೆಕ್ಟ್ ಶಾಫ್ಟ್ ಒಂದನ್ನು ಎತ್ತಿ ‘ಇದಕ್ಕೇನಾಯ್ತು’ ಅಂತ ಕೇಳಿ ನೋಡಿ. ಡ್ರಾಯಿಂಗ್‌ನಲ್ಲಿ ‘20’ ನೋಡಿದರು, ಪಕ್ಕದಲ್ಲಿದ್ದ ‘ಕೆ6’ (k6, ಅಳತೆ ಎಷ್ಟು ಆಚೀಚೆ ಇರಬಹುದು ಅನ್ನುವ ಟಾಲರೆನ್ಸ್ ಗುರುತು) ನೋಡಲಿಲ್ಲ ಅನ್ನುವ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಶುರು ಮಾಡುವುದು ಬಲಗಡೆ ಕೆಳಮೂಲೆಯ ಟೈಟಲ್ ಬ್ಲಾಕ್‌ನಿಂದ. ಮೆಟೀರಿಯಲ್ ಯಾವುದು, ಅಳತೆ ಎಂಎಂನಲ್ಲೋ ಇಂಚಿನಲ್ಲೋ, ರಿವಿಷನ್ ಎಷ್ಟನೆಯದು, ಇಷ್ಟು ನೋಡಿಕೊಳ್ಳಿ. ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಅಳೆಯುವುದು ಬೇಡವೇ ಬೇಡ. ವಾಟ್ಸ್ಯಾಪ್‌ನಲ್ಲಿ ಬಂದ ಮಸುಕು ಫೋಟೊ ಇಟ್ಟುಕೊಂಡೂ ಕೆಲಸ ಮಾಡಬೇಡಿ, ಪಿಡಿಎಫ್ ಕೇಳಿ.

ಅಲ್ಲೇ ಒಂದು ಕೋನ್, ಎರಡು ವೃತ್ತ ಇರುವ ಚಿಹ್ನೆ ಇರುತ್ತದೆ, ಜಾಬ್‌ನ ಬೇರೆ ಬೇರೆ ನೋಟಗಳನ್ನು ಯಾವ ಕಡೆ ಇಟ್ಟು ಬಿಡಿಸಿದ್ದಾರೆ ಅಂತ ಹೇಳುವುದು ಅದೇ. ಕೋನ್‌ನ ಅಗಲದ ಕಡೆ ವೃತ್ತಗಳಿಗೆ ಮುಖ ಮಾಡಿದ್ದರೆ ಫಸ್ಟ್ ಆ್ಯಂಗಲ್, ಕಿರಿದಾದ ಕಡೆ ಮುಖ ಮಾಡಿದ್ದರೆ ಥರ್ಡ್ ಆ್ಯಂಗಲ್. ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಫಸ್ಟ್, ಅಮೆರಿಕದ ಡ್ರಾಯಿಂಗ್ ಬರುವುದು ಥರ್ಡ್‌ನಲ್ಲಿ. ಇದು ತಪ್ಪಿದರೆ ಎಡಗಡೆಯ ಕೀವೇ (ಕೀ ಕೂರುವ ಸೀಳು) ಬಲಕ್ಕೆ ಹೋಗುತ್ತದೆ, ಅಷ್ಟೇ ಕಥೆ.

ಈಗ ಎಲ್ಲರೂ ಎಡವುವ ಜಾಗ. 6204 ಬೇರಿಂಗ್ ತಗೊಳ್ಳಿ: ಒಳಗಿನ ತೂತು 20 ಎಂಎಂ, ಹೊರಗೆ 47, ಅಗಲ 14. ಶಾಫ್ಟ್‌ಗೆ ‘20 ಕೆ6’ ಅಂತ ಬರೆದಿದ್ದರೆ 20.002ರಿಂದ 20.015ರ ಒಳಗೆ ಬರಬೇಕು. ಬೇರಿಂಗ್‌ನ ತೂತು 19.990ರಿಂದ 20.000 ಇರುತ್ತದೆ. ಅಂದರೆ ಶಾಫ್ಟ್ ಯಾವಾಗಲೂ ಒಂಚೂರು ದಪ್ಪ, ಬೇರಿಂಗ್ ಟೈಟಾಗಿ ಕೂರುತ್ತದೆ. ಶಾಫ್ಟ್ ತಿರುಗುವ ಕಡೆ ಹಾಗೇ ಇರಬೇಕು, ಇಲ್ಲದಿದ್ದರೆ ಒಳಗಿನ ರಿಂಗ್ ಶಾಫ್ಟ್ ಮೇಲೆ ಜಾರುತ್ತಾ ಅದನ್ನು ಸವೆಸಿಬಿಡುತ್ತದೆ. ಅದೇ ಜಾಗದಲ್ಲಿ ‘ಜಿ6’ (g6) ಅಂತ ಇದ್ದರೆ 19.980ರಿಂದ 19.993, ಹೆಚ್ಚಾಗಿ ಲೂಸ್ ಫಿಟ್. ಒಂದೇ ಅಕ್ಷರ, ಪೂರ್ತಿ ಬೇರೆ ಶಾಫ್ಟ್. ಸಣ್ಣ ಅಕ್ಷರ ಶಾಫ್ಟಿಗೆ, ಕ್ಯಾಪಿಟಲ್ ಅಕ್ಷರ ತೂತಿಗೆ.

ಇಲ್ಲಿ ಸಿಗುವ ಅಂತರ ಬರೀ 13 ಮೈಕ್ರಾನ್ (0.013 ಎಂಎಂ). ಡಿಜಿಟಲ್ ವರ್ನಿಯರ್ ಎರಡು ದಶಮಾಂಶ ತೋರಿಸಿತು ಅಂತ ನಂಬಬೇಡಿ, ಅದರ ದೋಷವೇ 20 ಮೈಕ್ರಾನ್ ಇರುತ್ತದೆ, ಅಗ್ಗದ್ದಾದರೆ ಇನ್ನೂ ಜಾಸ್ತಿ. ಮೈಕ್ರೋಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಜಾಬ್ ತಣ್ಣಗಾಗಲೂ ಬಿಡಿ: 30 ಡಿಗ್ರಿ ಬಿಸಿ ಜಾಸ್ತಿ ಇದ್ದರೆ 20 ಎಂಎಂ ಉಕ್ಕು ಸುಮಾರು 7 ಮೈಕ್ರಾನ್ ಊದಿಕೊಂಡಿರುತ್ತದೆ. ಬಿಸಿಯಲ್ಲಿ ಸರಿ ಇದ್ದದ್ದು ತಣ್ಣಗಾದ ಮೇಲೆ ಲೂಸ್! ನನ್ನ ಮಾತು ಕೇಳುವುದಾದರೆ ಲೇತ್‌ನಲ್ಲಿ 20.2 ಬಿಟ್ಟು ಗ್ರೈಂಡಿಂಗ್‌ಗೆ ಕಳಿಸಿ.

ಲೂಸ್ ಆದ ಶಾಫ್ಟಿಗೆ ಸುತ್ತಲೂ ಸೆಂಟರ್ ಪಂಚ್ ಹೊಡೆದು ‘ಟೈಟ್ ಮಾಡಿಕೊಟ್ಟೆ ಸಾರ್’ ಅನ್ನುವವರಿದ್ದಾರೆ. ಬೇರಿಂಗ್ ಆ ನಾಲ್ಕು ಚುಕ್ಕಿಗಳ ಮೇಲೆ ನಿಂತಿರುತ್ತದೆ, ಅವು ಚಪ್ಪಟೆಯಾದ ದಿನ ಮತ್ತೆ ಸದ್ದು ಶುರು.

ಇನ್ನೊಂದು, ಸ್ಟೆಪ್‌ನ (ಶಾಫ್ಟ್ ಸಣ್ಣದರಿಂದ ದಪ್ಪ ಆಗುವ ಜಾಗದ) ಮೂಲೆ. 6204ರ ಅಂಚಿನ ರೇಡಿಯಸ್ ಕನಿಷ್ಠ 1 ಎಂಎಂ, ಶಾಫ್ಟಿನ ಮೂಲೆಯ ರೇಡಿಯಸ್ ಅದಕ್ಕಿಂತ ಕಡಿಮೆ ಇರಬೇಕು. ದಪ್ಪ ಮೂತಿಯ ಟೂಲ್‌ನಲ್ಲಿ ಕಡಿದರೆ ಬೇರಿಂಗ್ ಮೂಲೆಗೇ ತಾಗಿ ಸ್ಟೆಪ್‌ವರೆಗೆ ಹೋಗುವುದಿಲ್ಲ. ಸುತ್ತಿಗೆ ತಗೊಂಡು ಹೊಡೆಯುತ್ತಾರೆ, ಬೇರಿಂಗ್ ಅಲ್ಲೇ ಸಾಯುತ್ತದೆ.

ಟಾಲರೆನ್ಸ್ ಬರೆಯದ ಅಳತೆಗಳಿಗೆ ಟೈಟಲ್ ಬ್ಲಾಕ್‌ನಲ್ಲಿ ಐಎಸ್‌ಒ 2768-ಎಂ (ಸಾಮಾನ್ಯ ಟಾಲರೆನ್ಸ್‌ಗಳ ಸ್ಟ್ಯಾಂಡರ್ಡ್) ಅಂತ ಇದ್ದರೆ, 6ರಿಂದ 30 ಎಂಎಂವರೆಗೆ ±0.2 ನಡೆಯುತ್ತದೆ. ಡಿಸೈನ್ ಮಾಡುವವರಿಗೂ ಒಂದು ಮಾತು: ಸುಮ್ನೆ ಎಲ್ಲ ಕಡೆ ±0.01 ತುಂಬಬೇಡಿ, ಬಿಲ್ ಬಂದಾಗ ಗೊತ್ತಾಗುತ್ತದೆ.

ಕೊನೆಗೆ ದಿನಾ ಬರುವ ಪ್ರಶ್ನೆ, ಎಂ8 (8 ಎಂಎಂ ದಪ್ಪದ) ಬೋಲ್ಟಿಗೆ ಎಷ್ಟು ತೂತು? ಬೋಲ್ಟ್ ಸುಮ್ನೆ ತೂರಿ ಹೋಗಬೇಕಾದರೆ 9 ಎಂಎಂ. ಟ್ಯಾಪ್ ಹಾಕಬೇಕಾದರೆ, ಅಂದರೆ ತೂತಿನೊಳಗೆ ಥ್ರೆಡ್ ಕಡಿಯಬೇಕಾದರೆ, 6.8. ಅಂಗಡಿಯಲ್ಲಿ 6.8 ಡ್ರಿಲ್ ಇಲ್ಲ ಅಂತ 6.5 ಹಾಕಿದರೆ ಟ್ಯಾಪ್ ಒಳಗೇ ಮುರಿಯುವ ಸಾಧ್ಯತೆ ಜಾಸ್ತಿ, ಆಮೇಲೆ ಅದನ್ನು ತೆಗೆಸಲು ಸ್ಪಾರ್ಕ್ ಮೆಷಿನ್ (ವಿದ್ಯುತ್ ಕಿಡಿಯಿಂದ ಲೋಹ ತೆಗೆಯುವ ಯಂತ್ರ) ಇರುವವರನ್ನು ಹುಡುಕಿಕೊಂಡು ಹೋಗಬೇಕು.